ಬಚ್ಚಲೊಲೆಯ ಹೊಗೆ ಪಡಸಾಲೆಗೆ ಬಂದಿದ್ದೇಕೆ: ಆಲ್ದೂರಿನ ಮನೆಯೊಂದರ ಡಕ್ಟ್ ದುರಸ್ತಿ

ಎಸಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರೆ ನಮ್ಮ ಕಡೆ ಸಿಗುವ ಮೊದಲ ಉತ್ತರ 'ಗ್ಯಾಸ್ ಕಡಿಮೆಯಾಗಿದೆ' ಎಂಬುದು. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನನ್ನ ಸೋದರಮಾವನ ತೋಟದ ಮನೆಯಲ್ಲಿರುವ ಯಂತ್ರಕ್ಕೂ ಇದೇ ಉತ್ತರ ಸಿಕ್ಕಿತ್ತು. ಏಪ್ರಿಲಿನಲ್ಲಿ ಅದರ ಒಳಗಿನ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆಗಳ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟಿತು. ನೋಡಲು ಬಂದವರು ಗ್ಯಾಸ್ ತುಂಬಿಸಿ ಹೋದರು. ಡಿಸೆಂಬರಿನಲ್ಲಿ ಅದೇ ಯಂತ್ರವನ್ನು ಬಿಸಿಗಾಳಿಗೆ ತಿರುಗಿಸಿದರೆ ಸ್ವಲ್ಪ ಹೊತ್ತು ಓಡಿ, ಹೈ ಪ್ರೆಶರ್ ಎಂಬ ದೋಷ ತೋರಿಸಿ ನಿಲ್ಲತೊಡಗಿತು.

ಬೇಸಿಗೆಯಲ್ಲಿ ಮಂಜುಗಡ್ಡೆ, ಚಳಿಗಾಲದಲ್ಲಿ ಹೈ ಪ್ರೆಶರ್. ಒಂದೇ ಯಂತ್ರದಲ್ಲಿ ಈ ಎರಡೂ ಕಂಡರೆ ಗ್ಯಾಸಿಗಿಂತ ಮೊದಲು ಗಾಳಿಯನ್ನು ಅನುಮಾನಿಸಬೇಕು. ಕಾಯಿಲ್ ಮೇಲೆ ಹಾಯುವ ಗಾಳಿ ಸಾಲದಿದ್ದರೆ ತಂಪು ಮಾಡುವಾಗ ಕಾಯಿಲಿಗೆ ಸಾಕಷ್ಟು ಶಾಖ ಸಿಗುವುದಿಲ್ಲ, ಅದು ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಗಾಳಿಯ ತೇವವನ್ನೇ ಹೆಪ್ಪುಗಟ್ಟಿಸುತ್ತದೆ. ಬಿಸಿ ಮಾಡುವಾಗ ಅದೇ ಕಾಯಿಲ್ ತನ್ನ ಶಾಖವನ್ನು ಗಾಳಿಗೆ ಒಪ್ಪಿಸಬೇಕು. ಒಯ್ಯಲು ಗಾಳಿಯೇ ಇಲ್ಲದಿದ್ದರೆ ಗ್ಯಾಸಿನ ಒತ್ತಡ ಏರುತ್ತಲೇ ಹೋಗುತ್ತದೆ. ಅದರ ಮೇಲೆ ಬೇಸಿಗೆಯಲ್ಲಿ ಅನಗತ್ಯವಾಗಿ ತುಂಬಿಸಿದ ಗ್ಯಾಸು ಬೇರೆ.

ನಾನು ಹಾಸನದಲ್ಲಿ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರ ಯಂತ್ರಗಳನ್ನು ನೋಡಿಕೊಳ್ಳುವವನು. ಎಸಿ ನನ್ನ ಕಸುಬಲ್ಲ. ಧೂಳು ಮತ್ತು ಹೊಟ್ಟು ಹೀರುವ ಬ್ಲೋವರ್, ಅವುಗಳ ಗಾಳಿ ಸಾಗಿಸುವ ತಗಡಿನ ಕೊಳವೆ, ಅಂದರೆ ಡಕ್ಟು, ನನ್ನ ಕಸುಬು. ಹಾಗಾಗಿ ಮಾವ ಫೋನಿನಲ್ಲಿ ಯಂತ್ರದ ಕಥೆ ಹೇಳುವಾಗ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಹಿಂದಿನಿಂದ ಕೇಳಿಬಂದ ಅತ್ತೆಯ ಮಾತು: "ಅದು ಬಂದ ಮೇಲೆ ಬೆಳಿಗ್ಗೆ ಹಂಡೆ ಒಲೆ ಹಚ್ಚಿದರೆ ಹೊಗೆಯೆಲ್ಲ ಪಡಸಾಲೆಗೆ ಬರುತ್ತದೆ. ಅದನ್ನೂ ಹೇಳಿ ಅವನಿಗೆ." ಮಾವ ಅದನ್ನು ಒಲೆಯ ದೋಷವೆಂದೇ ತಿಳಿದು, ಹೊಗೆಕೊಳವೆಯನ್ನು ಒಮ್ಮೆ ಉಜ್ಜಿಸಿಯೂ ಆಗಿತ್ತು.

ಮನೆಯ ಸ್ವರೂಪ ಹೀಗಿದೆ. ಮಂಗಳೂರು ಹೆಂಚಿನ ಹಳೆಯ ಮನೆ. ಹೋಂಸ್ಟೇ ಮಾಡುವಾಗ ಮೂರು ಮಲಗುವ ಕೋಣೆ ಮತ್ತು ಒಂದು ಪಡಸಾಲೆಗೆ ಫಾಲ್ಸ್ ಸೀಲಿಂಗ್ ಹಾಕಿ, ಅಟ್ಟದಲ್ಲಿ 3 ಟನ್ ಸಾಮರ್ಥ್ಯದ, ಡಕ್ಟಿನ ಮೂಲಕ ಎಲ್ಲ ಕೋಣೆಗೂ ಗಾಳಿ ಕಳಿಸುವ ಡಕ್ಟಬಲ್ ಯಂತ್ರವನ್ನು ಕೂರಿಸಿದ್ದಾರೆ. ತಂಪಿಗೂ ಬಿಸಿಗೂ ಅದೊಂದೇ. ಬ್ಲೋವರಿನಿಂದ ಹೊರಟ ತಗಡಿನ ಪೆಟ್ಟಿಗೆಯಿಂದ, ಅಂದರೆ ಪ್ಲೀನಮ್ಮಿನಿಂದ, ನಾಲ್ಕು ಕವಲುಗಳು. ವಾಪಸು ಬರುವ ಗಾಳಿಗೆ ಪಡಸಾಲೆಯ ಪಕ್ಕದ ಓಣಿಯ ಸೀಲಿಂಗಿನಲ್ಲಿ ಒಂದೇ ಒಂದು ಜಾಲರಿ, 18 ಇಂಚು ಅಗಲ, 12 ಇಂಚು ಉದ್ದ. ಓಣಿಯ ಕೊನೆಗೆ ಬಚ್ಚಲುಮನೆ. ಕೋಣೆಗಳ ಬಾಗಿಲಿನ ಮೇಲೆ ಹಳೆಯ ಕಾಲದ ಗವಾಕ್ಷಿಗಳಿದ್ದವು; 'ಎಸಿ ಗಾಳಿ ಹೊರಗೆ ಹೋಗುತ್ತದೆ' ಎಂದು ಅವಕ್ಕೆ ಪ್ಲೈವುಡ್ ಹೊಡೆದು ಬಣ್ಣ ಬಳಿದಿದ್ದರು. ಈ ಪ್ಲೈವುಡ್ ತುಂಡುಗಳನ್ನು ನೆನಪಿನಲ್ಲಿಡಿ.

ಮೇಸ್ತ್ರಿಯ ಪೈಪಿನಿಂದ ಒತ್ತಡಮಾಪಕ

ಡಕ್ಟಿನಲ್ಲಿ ಒತ್ತಡವನ್ನು ಅಳೆಯದೆ ಮಾಡುವ ದುರಸ್ತಿ ಊಹೆಯ ದುರಸ್ತಿ. ಆದರೆ ಇಲ್ಲಿ ಅಳೆಯಬೇಕಾದ ಒತ್ತಡ ತೀರ ಚಿಕ್ಕದು. ಒತ್ತಡದ ಅಳತೆ ಪ್ಯಾಸ್ಕಲಿನಲ್ಲಿ; ವಾಹನದ ಟಯರಿನಲ್ಲಿ ಲಕ್ಷಗಟ್ಟಲೆ ಪ್ಯಾಸ್ಕಲ್ ಇರುತ್ತದೆ. ಮನೆಯ ಡಕ್ಟಿನಲ್ಲಿ ಐವತ್ತು, ನೂರು. ಕೋಣೆ ಕೋಣೆಗಳ ನಡುವೆ ಒಂದಂಕಿ. ಅದಕ್ಕೆ ಡಿಜಿಟಲ್ ಮಾಪಕಗಳು ಸಿಗುತ್ತವೆ. ಆದರೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಇದೆಯಲ್ಲ, ಅದೇ ಸಾಕು. ಎರಡು ತುದಿಗಳ ಮೇಲೆ ಒತ್ತಡ ಒಂದೇ ಇದ್ದರೆ ನೀರು ಒಂದೇ ಮಟ್ಟದಲ್ಲಿರುತ್ತದೆ ಎಂಬ ನಂಬಿಕೆಯ ಮೇಲೆ ಮೇಸ್ತ್ರಿ ಗೋಡೆ ಕಟ್ಟುತ್ತಾನೆ. ಒತ್ತಡ ಬೇರೆಯಾದರೆ ಮಟ್ಟ ಬೇರೆಯಾಗುತ್ತದೆ. ನಮಗೆ ಬೇಕಾಗಿರುವುದು ಅದೇ ವ್ಯತ್ಯಾಸ.

1 ಮಿ.ಮೀ. ಎತ್ತರದ ನೀರು ಎಂದರೆ 9.8 ಪ್ಯಾಸ್ಕಲ್. ನೆಟ್ಟಗೆ ಹಿಡಿದ ಪೈಪಿನಲ್ಲಿ 5 ಪ್ಯಾಸ್ಕಲ್ ಎಂಬುದು ಅರ್ಧ ಮಿಲಿಮೀಟರು, ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಪೈಪನ್ನು ಓರೆಯಾಗಿಸಬೇಕು. 60 ಸೆಂ.ಮೀ. ಉದ್ದದ ನೇರ ಹಲಗೆಯೊಂದರ ಒಂದು ತುದಿಯನ್ನು ಸರಿಯಾಗಿ 6 ಸೆಂ.ಮೀ. ಎತ್ತರಿಸಿ, ಅದರ ಮೇಲೆ ತೆಳುವಾದ ಪೈಪನ್ನು ಅಂಟಿಸಿದೆ. ಈಗ ನೀರು 1 ಮಿ.ಮೀ. ಎತ್ತರ ಏರಬೇಕಾದರೆ ಪೈಪಿನ ಉದ್ದಕ್ಕೆ 10 ಮಿ.ಮೀ. ಸಾಗಬೇಕು. ಅಂದರೆ ಅಳತೆಪಟ್ಟಿಯ ಮೇಲಿನ ಒಂದೊಂದು ಮಿಲಿಮೀಟರೂ ಹೆಚ್ಚುಕಡಿಮೆ ಒಂದೊಂದು ಪ್ಯಾಸ್ಕಲ್. ಗುಣಾಕಾರ, ಭಾಗಾಕಾರ ಯಾವುದೂ ಬೇಡ. ಹತ್ತರಲ್ಲಿ ಒಂದರ ಇಳಿಜಾರಿನ ಈ ಅನುಕೂಲ ಯಾರಿಗೆ ಮೊದಲು ಹೊಳೆಯಿತೋ, ಅವರಿಗೆ ನನ್ನ ನಮಸ್ಕಾರ.

ಪೈಪಿನ ಕೆಳತುದಿ ಅಗಲ ಬಾಯಿಯ ಜಾಮ್ ಬಾಟಲಿಯೊಂದರ ತಳಕ್ಕೆ ಸೇರುತ್ತದೆ. ಬಾಟಲಿ ಅಗಲವಾಗಿರುವುದರಿಂದ ಪೈಪಿನಲ್ಲಿ ನೀರು ಎಷ್ಟೇ ಸರಿದರೂ ಬಾಟಲಿಯ ಮಟ್ಟ ಬದಲಾಗುವುದು ಗೌಣ. ನೀರಿಗೆ ಬಟ್ಟೆಗೆ ಹಾಕುವ ನೀಲಿ ಎರಡು ಹನಿ, ಪಾತ್ರೆ ತೊಳೆಯುವ ಸೋಪು ಒಂದು ಹನಿ. ನೀಲಿ ಕಾಣುವುದಕ್ಕೆ, ಸೋಪು ಇಲ್ಲದಿದ್ದರೆ ತೆಳು ಪೈಪಿನ ಗೋಡೆಗೆ ನೀರು ಅಂಟಿಕೊಂಡು ತಡೆದು ತಡೆದು ಸರಿಯುತ್ತದೆ. ಬಾಟಲಿಯ ಮುಚ್ಚಳಕ್ಕೆ ಇನ್ನೊಂದು ಪೈಪು. ಒತ್ತುವ ಗಾಳಿಯನ್ನು ಅಳೆಯುವಾಗ ಅದನ್ನು ಬಾಟಲಿಗೆ ಕೊಡಬೇಕು, ಹೀರುವ ಕಡೆಯನ್ನು ಅಳೆಯುವಾಗ ಓರೆ ಪೈಪಿನ ಮೇಲ್ತುದಿಗೆ. ಹಲಗೆಯನ್ನು ಪ್ರತಿ ಸಲವೂ ಸ್ಪಿರಿಟ್ ಲೆವೆಲ್ ಇಟ್ಟು ಕೂರಿಸಿ, ನೀರು ನಿಂತಲ್ಲಿಂದ ಸೊನ್ನೆ ಎಣಿಸಬೇಕು.

ಡಕ್ಟಿಗೆ ರಂಧ್ರ ಕೊರೆಯುವ ಮುನ್ನ ಆಚೆ ಬದಿಯಲ್ಲಿ ಏನಿದೆ ಎಂದು ಖಚಿತಪಡಿಸಿಕೊಳ್ಳಿ. ಕಾಯಿಲಿಗೆ ಡ್ರಿಲ್ ತಾಗಿದರೆ ಗ್ಯಾಸೆಲ್ಲ ಹೋಗುತ್ತದೆ, ಲೇಖನವೂ ಅಲ್ಲಿಗೇ ಮುಗಿಯುತ್ತದೆ. ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ ಡಕ್ಟಿನ ಒಳಗೋಡೆಗೆ ಸಮನಾಗಿ ನಿಲ್ಲಿಸಬೇಕು. ಅದು ಒಳಗೆ ಚಾಚಿಕೊಂಡು ಗಾಳಿಗೆ ಎದುರಾಗಿ ನಿಂತರೆ ಒತ್ತಡದ ಜೊತೆಗೆ ವೇಗವೂ ಸೇರಿ ಲೆಕ್ಕ ಕೆಡುತ್ತದೆ. ಫ್ರಾನ್ಸಿನ ಹೆನ್ರಿ ಪಿಟೊ 1732ರಲ್ಲಿ ಹೀಗೆ ಪ್ರವಾಹಕ್ಕೆ ಎದುರಾಗಿ ಹಿಡಿದ ಕೊಳವೆಯಿಂದಲೇ ನದಿಯ ವೇಗ ಅಳೆದಿದ್ದ. ನಮಗಿಲ್ಲಿ ವೇಗ ಬೇಡ. ಗೋಡೆಯನ್ನು ಎಲ್ಲ ದಿಕ್ಕಿಗೂ ಒತ್ತುವ ಒತ್ತಡ ಮಾತ್ರ ಬೇಕು. ವೇಗದ ಪಾಲು ಸಣ್ಣದೇನಲ್ಲ: ನಮ್ಮ ಮಲೆನಾಡಿನ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಅದೊಂದೇ 13 ಪ್ಯಾಸ್ಕಲ್.

ಮೊದಲ ಅಳತೆಗಳು

ಫ್ಯಾನ್ ಮಾತ್ರ ಓಡಿಸಿ, ಎಲ್ಲ ಬಾಗಿಲು ತೆರೆದು ಅಳೆದೆ. ಬ್ಲೋವರಿಗೂ ಫಿಲ್ಟರಿಗೂ ನಡುವೆ, ಹೀರುವ ಕಡೆ, ಸೊನ್ನೆಗಿಂತ 48 ಪ್ಯಾಸ್ಕಲ್ ಕೆಳಗೆ. ಪ್ಲೀನಮ್ಮಿನಲ್ಲಿ 44 ಪ್ಯಾಸ್ಕಲ್ ಮೇಲೆ. ಬ್ಲೋವರ್ ಎದುರಿಸುತ್ತಿರುವ ಒಟ್ಟು ಹೊರೆ ಈ ಎರಡರ ಮೊತ್ತ, 92 ಪ್ಯಾಸ್ಕಲ್. ಯಂತ್ರದ ಫಲಕ ಹೇಳುವುದು 50 ಪ್ಯಾಸ್ಕಲಿಗೆ 1,200 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 1,200 ಘನ ಅಡಿ ಗಾಳಿ. ಟನ್ನಿಗೆ 400 ಎಂಬುದು ಎಲ್ಲೆಡೆ ಬಳಕೆಯಲ್ಲಿರುವ ಅಂದಾಜು. ನಮ್ಮ ಯಂತ್ರದಲ್ಲಿ ಕಾಯಿಲಿನ ತಡೆಯನ್ನು ತಯಾರಕರೇ ಲೆಕ್ಕ ಹಾಕಿ ಕಳೆದಿದ್ದಾರೆ. ಫಿಲ್ಟರು, ಜಾಲರಿ, ಡಕ್ಟುಗಳ ತಡೆಯೆಲ್ಲ ಆ 50ರೊಳಗೇ ಮುಗಿಯಬೇಕು.

ಜಾಲರಿಗಳಲ್ಲಿ ಗಾಳಿಯ ವೇಗವನ್ನು ಚಿಕ್ಕ ಫ್ಯಾನಿನಂಥ ಅನೆಮೋಮೀಟರಿನಿಂದ ಅಳೆದು, ತೆರೆದ ಜಾಗದಿಂದ ಗುಣಿಸಿದೆ. ಪಟ್ಟಿಗಳು ಆಕ್ರಮಿಸಿರುವ ಜಾಗವನ್ನು ಕಳೆಯುವುದನ್ನು ಮರೆತರೆ ಉತ್ತರ ಉಬ್ಬುತ್ತದೆ. ಪಡಸಾಲೆಗೆ 420 ಸಿಎಫ್‌ಎಂ, ಮೊದಲ ಕೋಣೆಗೆ 190, ಎರಡನೆಯದಕ್ಕೆ 170. ಮೂರನೆಯ ಕೋಣೆಯಲ್ಲಿ ಅನೆಮೋಮೀಟರಿನ ರೆಕ್ಕೆ ಮನಸ್ಸಿದ್ದರೆ ತಿರುಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅಲ್ಲಿ 200 ಲೀಟರಿನ ಕಸದ ಚೀಲವನ್ನು ಚಪ್ಪಟೆ ಮಾಡಿ, ಬಾಯಿಗೆ ರಟ್ಟಿನ ಚೌಕಟ್ಟು ಕಟ್ಟಿ, ಜಾಲರಿಗೆ ಒತ್ತಿ ಹಿಡಿದೆ. ತುಂಬಲು 7 ಸೆಕೆಂಡು. ಸೆಕೆಂಡಿಗೆ 28 ಲೀಟರು, ಅಂದರೆ 60 ಸಿಎಫ್‌ಎಂ. ಸಿಗಬೇಕಾದ 250ರ ಕಾಲು ಭಾಗಕ್ಕೂ ಕಡಿಮೆ. ಅತಿಥಿಗಳು ಎರಡೆರಡು ಕಂಬಳಿ ಕೇಳುತ್ತಿದ್ದುದು ಇದೇ ಕೋಣೆಯಲ್ಲಿ.

ಮೊದಲು ಫಿಲ್ಟರ್ ತೊಳೆದೆವು. ತೋಟದ ಕಣದ ಧೂಳು, ಒಲೆಯ ಮಸಿ, ಎರಡೂ ಸೇರಿ ಅದು ಕಂಬಳಿಯಂತಾಗಿತ್ತು. ಹೀರುವ ಕಡೆಯ 48 ಎಂಬುದು 34ಕ್ಕೆ ಇಳಿಯಿತು. ಆದರೆ ಪ್ಲೀನಮ್ಮಿನ 44 ಎಂಬುದು 49ಕ್ಕೆ ಏರಿತು. ಮಾವನಿಗೆ ಗಾಬರಿ: "ಇದೇನೋ, ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏರಿತಲ್ಲ?" ಏರಲೇಬೇಕು. ಈಗ ಹೆಚ್ಚು ಗಾಳಿ ಹೋಗುತ್ತಿದೆ, ಅದೇ ಡಕ್ಟಿನಲ್ಲಿ. ಗಾಳಿಯ ಪ್ರಮಾಣ ಇಮ್ಮಡಿಯಾದರೆ ತಡೆ ಸುಮಾರು ನಾಲ್ಮಡಿಯಾಗುತ್ತದೆ.

ಒತ್ತಡ ಹೆಚ್ಚಿದೆ ಎಂದರೆ ಗಾಳಿ ಹೆಚ್ಚಿದೆ ಎಂದೂ ಅರ್ಥವಲ್ಲ, ಕಡಿಮೆಯಿದೆ ಎಂದೂ ಅಲ್ಲ. ಇದನ್ನು ಮಾವನಿಗೆ ಅರ್ಥ ಮಾಡಿಸಲು ಅವರ ಸ್ಪ್ರಿಂಕ್ಲರ್ ಪಂಪು ನೆರವಾಯಿತು. ಮಾರ್ಚಿನಲ್ಲಿ ಹೂಮಳೆ ಬಾರದೆ ತೋಟಕ್ಕೆ ನೀರು ಹಾರಿಸುವಾಗ ಗೇಟ್‌ವಾಲ್ವ್ ತಿರುಗಿಸಿದರೆ ಪಂಪಿನ ಗೇಜಿನ ಮುಳ್ಳು ಮೇಲೇರುತ್ತದೆ, ನೀರು ಮಾತ್ರ ಕಡಿಮೆಯಾಗುತ್ತದೆ. ಗೇಜ್ ತೋರಿಸುವುದು ಪಂಪಿನ ಪರಾಕ್ರಮವನ್ನಲ್ಲ, ಮುಂದಿರುವ ಅಡ್ಡಿಯನ್ನು. "ಹಾಗಾದರೆ ವಾಲ್ವ್ ಎಲ್ಲಿ ಮುಚ್ಚಿದೆ ಎಂದು ಹುಡುಕಬೇಕು" ಎಂದರು ಮಾವ. ಅದೇ ಕೆಲಸಕ್ಕೆ ಅಟ್ಟ ಹತ್ತಿದೆವು.

ಅಟ್ಟದ ಮೇಲೆ

ಮೂರನೆಯ ಕೋಣೆಯ ಕವಲನ್ನು ನೋಡಿದಾಗ ನಗು ಬಂತು, ಸಿಟ್ಟೂ ಬಂತು. ಪ್ಲೀನಮ್ಮಿನಿಂದ 8 ಇಂಚಿನ ಬಾಯಿ ಹೊರಟಿದೆ. ಅಲ್ಲಿಂದ ಎರಡು ಮಾರು ದೂರದಲ್ಲಿ ತಗಡನ್ನು ಕಿರಿದು ಮಾಡಿ 6 ಇಂಚಿನ ಫ್ಲೆಕ್ಸಿಬಲ್ ಡಕ್ಟ್ ಜೋಡಿಸಿದ್ದಾರೆ. ಬಹುಶಃ ಅಂದು ಇದ್ದ ಸುರುಳಿ ಅದೇ ಇರಬೇಕು. ಒಂದೇ ಪ್ರಮಾಣದ ಗಾಳಿಯನ್ನು ಸಾಗಿಸುವಾಗ ಡಕ್ಟಿನ ತಡೆ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. 8ನ್ನು 6ರಿಂದ ಭಾಗಿಸಿ ಐದು ಸಲ ಗುಣಿಸಿ ನೋಡಿ: 4.2. ಎರಡೇ ಇಂಚು ಉಳಿಸಿದ್ದಕ್ಕೆ ನಾಲ್ಕು ಪಟ್ಟು ತಡೆ. ಸಾಲದ್ದಕ್ಕೆ ಆ ಕೊಳವೆ ಬೇಕಾದದ್ದಕ್ಕಿಂತ ಉದ್ದವಾಗಿದ್ದು, ಮಿಕ್ಕಿದ್ದನ್ನು ಕತ್ತರಿಸುವ ಬದಲು ಹಾವಿನಂತೆ ಮಡಿಸಿಟ್ಟಿದ್ದರು. ಬೀಟೆ ಮರದ ತೊಲೆಯೊಂದನ್ನು ದಾಟುವಲ್ಲಿ ಅದು ಚಪ್ಪಟೆಯಾಗಿ ಅರ್ಧ ಮುಚ್ಚಿಕೊಂಡಿತ್ತು.

ಫ್ಲೆಕ್ಸಿಬಲ್ ಡಕ್ಟಿನ ವಿಷಯದಲ್ಲಿ ಕೆಲಸಗಾರರು ಗಮನಿಸದ ಸಂಗತಿಯೊಂದಿದೆ. ಅದರ ಒಳಪದರ ತಂತಿಯ ಸುರುಳಿಗೆ ಹೊದಿಸಿದ ತೆಳು ಹಾಳೆ. ಪೂರ್ತಿ ಎಳೆದಾಗ ಒಳಮೈ ತಕ್ಕಮಟ್ಟಿಗೆ ನುಣುಪು. ಸಡಿಲ ಬಿಟ್ಟರೆ ಪ್ರತಿ ಸುತ್ತಿನಲ್ಲೂ ಹಾಳೆ ಒಳಕ್ಕೆ ನೆರಿಗೆಯಾಗಿ ಗಾಳಿಗೆ ಅಡ್ಡ ಬರುತ್ತದೆ. ಹೊರಗಿನಿಂದ ಉಣ್ಣೆಯ ಹೊದಿಕೆ ಚೆನ್ನಾಗಿಯೇ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೈಯಿಂದ ಹಿಡಿದು ಎಳೆದರೆ ಡಕ್ಟು ಉದ್ದವಾಗುತ್ತಿದೆ ಎಂದಾದರೆ ಅದು ಸಡಿಲವಿದೆ ಎಂದೇ ಅರ್ಥ.

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಹೇಳಿಟ್ಟು 8 ಇಂಚಿನ ಡಕ್ಟ್ ತರಿಸಿದೆವು. ಅದನ್ನು ಬಿಗಿಯಾಗಿ ಎಳೆದು, ಅಳತೆಗೆ ಕತ್ತರಿಸಿ, ತೊಲೆಯ ಮೇಲೆ ಹಾಯಿಸುವ ಬದಲು ತೊಲೆಯ ಕೆಳಗೆ ಪಕಾಸಿಗಳಿಂದ ತೂಗುಹಾಕಿದೆ. ತೂಗುವ ಪಟ್ಟಿ ಅಗಲವಾಗಿರಬೇಕು, 4 ಸೆಂ.ಮೀ.ಗೆ ಕಡಿಮೆಯಾಗಬಾರದು, ತಂತಿಯಲ್ಲಿ ಕಟ್ಟಿದರೆ ಅಲ್ಲೇ ಕೊರಳು ಹಿಸುಕಿದಂತಾಗುತ್ತದೆ. ಬಾಗು ಬೇಕಾದಲ್ಲಿ ಕನಿಷ್ಠ ಒಂದು ವ್ಯಾಸದಷ್ಟು ದೊಡ್ಡ ಬಾಗು. ಇದೇ ಕಾರಣಕ್ಕೆ ಪ್ಲೀನಮ್ಮಿನ ಬಾಯಲ್ಲೇ ಇದ್ದ ಚೌಕ ಮೂಲೆಯ ತಗಡಿನ ತಿರುವನ್ನೂ ತೆಗೆಸಿ, ದುಂಡು ತಿರುವು ಮಾಡಿಸಿದೆ. ಚೌಕ ಮೂಲೆಯಲ್ಲಿ ಗಾಳಿ ತನ್ನ ವೇಗದ ಒತ್ತಡವನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಳ್ಳುತ್ತದೆ. ದುಂಡು ತಿರುವಿನಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ.

ಇನ್ನು ಸೋರಿಕೆ. ಊದುಬತ್ತಿ ಹಚ್ಚಿಕೊಂಡು ಪ್ರತಿ ಕೀಲಿನ ಸುತ್ತ ತಿರುಗಿಸಿದರೆ ಸಾಕು, ಹೊಗೆಯ ಎಳೆ ಎಲ್ಲಿ ಬೆದರುತ್ತದೋ ಅಲ್ಲಿ ತೂತು. ಎಲ್ಲ ಕಡೆ ಬಟ್ಟೆಯ ಟೇಪು ಸುತ್ತಿದ್ದರು. ಡಕ್ಟ್ ಟೇಪ್ ಎಂಬ ಹೆಸರಿನಲ್ಲಿ ಮಾರುವ ಈ ಟೇಪು ಯಾವ ಕೆಲಸಕ್ಕೆ ಬಂದರೂ ಬಿಸಿ ಡಕ್ಟಿನ ಕೀಲಿಗೆ ಮಾತ್ರ ಬರುವುದಿಲ್ಲ. ಅಂಟು ಒಣಗಿ ಉದುರುತ್ತದೆ. ಒಂದು ಕವಲನ್ನು ಇಲಿ ಕಡಿದು ಅಂಗೈ ಅಗಲ ತೂತು ಮಾಡಿತ್ತು. ಕೀಲುಗಳಿಗೆ ಸ್ಕ್ರೂ ಹಾಕಿ, ಜಾಲರಿ ಬಟ್ಟೆ ಸುತ್ತಿ, ಅದರ ಮೇಲೆ ಮಾಸ್ಟಿಕ್ ಎಂಬ ದಪ್ಪ ಅಂಟು ಲೇಪ ಬಳಿದೆ. ಕೈಗೆ ಅಂಟುವ, ಬಟ್ಟೆ ಹಾಳು ಮಾಡುವ ಕೆಲಸ. ಆದರೆ ಒಮ್ಮೆ ಒಣಗಿದರೆ ಮತ್ತೆ ನೋಡಬೇಕಾಗಿಲ್ಲ. ಅಟ್ಟದಲ್ಲಿ ಮೂಗಿಗೆ ಮಾಸ್ಕ್ ಇರಲಿ, ಮೇನ್ ಸ್ವಿಚ್ ಆರಿಸಿರಲಿ, ಕಾಲು ತೊಲೆಯ ಮೇಲೇ ಇರಲಿ. ಫಾಲ್ಸ್ ಸೀಲಿಂಗ್ ಮನುಷ್ಯನ ಭಾರ ಹೊರುವುದಿಲ್ಲ.

ಅಟ್ಟದಲ್ಲಿ ಸೋರಿದ ಗಾಳಿ ನಷ್ಟ ಎಂದಷ್ಟೇ ಎಲ್ಲರೂ ತಿಳಿಯುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬ್ಲೋವರ್ ಮನೆಯೊಳಗಿಂದ ಗಾಳಿ ಹೀರಿ, ಅದರಲ್ಲಿ ಒಂದು ಪಾಲನ್ನು ಹೆಂಚಿನ ಕೆಳಗೆ ಚೆಲ್ಲಿದರೆ ಅಷ್ಟು ಗಾಳಿ ಮನೆಗೆ ಬೇರೆಲ್ಲಿಂದಲೋ ಬರಲೇಬೇಕು. ಮನೆ ಹೊರಗಿನಿಂದ ಹೀರತೊಡಗುತ್ತದೆ. ಯಾವ ದಾರಿ ಸಲೀಸೋ ಆ ದಾರಿಯಿಂದ. ಆ ಮನೆಯಲ್ಲಿ ಅತ್ಯಂತ ಸಲೀಸಾದ ದಾರಿ ಬಚ್ಚಲೊಲೆಯ ಹೊಗೆಕೊಳವೆ.

ವಾಪಸು ದಾರಿ

ಜಾಲರಿಯ ಲೆಕ್ಕ ಸರಳ. 18 ಗುಣಿಸು 12 ಇಂಚು ಎಂದರೆ ಒಂದೂವರೆ ಚದರ ಅಡಿ. 1,200 ಸಿಎಫ್‌ಎಂ ಅದರೊಳಗೆ ನುಗ್ಗಬೇಕಾದರೆ ನಿಮಿಷಕ್ಕೆ 800 ಅಡಿ ವೇಗ, ಸೆಕೆಂಡಿಗೆ 4 ಮೀಟರು. ಫಿಲ್ಟರಿನ ಮುಂದೆ ಅದು 300 ಅಡಿಯ ಆಸುಪಾಸಿನಲ್ಲಿರಬೇಕು. ಅಂದರೆ 4 ಚದರ ಅಡಿ ಬೇಕು. ಪಡಸಾಲೆಯ ಸೀಲಿಂಗಿನಲ್ಲಿ 24 ಗುಣಿಸು 18 ಇಂಚಿನ ಇನ್ನೊಂದು ಜಾಲರಿ ಕೂರಿಸಿ, ಅದಕ್ಕೂ ಫಿಲ್ಟರ್ ಹಾಕಿ, ದಪ್ಪ ಡಕ್ಟಿನಿಂದ ಹೀರುವ ಪೆಟ್ಟಿಗೆಗೆ ಸೇರಿಸಿದೆ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ಮರಗೆಲಸವೇ ಹೆಚ್ಚು.

ಹೇಳುವಂಥದ್ದು ಬಾಗಿಲುಗಳದ್ದು. ಇಷ್ಟೆಲ್ಲ ಆದ ಮೇಲೆ ಮೂರೂ ಕೋಣೆಗಳ ಬಾಗಿಲು ಹಾಕಿ, ಓರೆ ಪೈಪಿನ ಒಂದು ತುದಿಯನ್ನು ಬಾಗಿಲ ಕೆಳಗೆ ತೂರಿಸಿ ಅಳೆದೆ. ದುರಸ್ತಿಗೆ ಮುಂಚೆ ಹೊರಗಿನ ಗಾಳಿಗೆ ಹೋಲಿಸಿದರೆ ಪಡಸಾಲೆ 5 ಪ್ಯಾಸ್ಕಲ್ ಕೆಳಗಿತ್ತು. ಈಗ 6. ಕೋಣೆಗಳು ಪಡಸಾಲೆಗಿಂತ 9 ಮೇಲೆ. ಸೋರಿಕೆ ನಿಲ್ಲಿಸಿದ ಮೇಲೆ ಪರಿಸ್ಥಿತಿ ಹದಗೆಟ್ಟಿತ್ತು, ಮತ್ತು ಅದು ಸಹಜವೇ. ಈಗ ಕೋಣೆಗಳಿಗೆ ನಿಜವಾಗಿಯೂ ಗಾಳಿ ಹೋಗುತ್ತಿದೆ. ಬಾಗಿಲು ಹಾಕಿದರೆ ಆ ಗಾಳಿಗೆ ಪಡಸಾಲೆಗೆ ಮರಳುವ ದಾರಿಯೇ ಇಲ್ಲ. ಬಾಗಿಲ ಕೆಳಗೆ 12 ಮಿ.ಮೀ. ಸಂದಿಯಿದೆಯಲ್ಲ ಎನ್ನಬಹುದು. 90 ಸೆಂ.ಮೀ. ಅಗಲದ ಬಾಗಿಲಿಗೆ ಅದು 108 ಚದರ ಸೆಂ.ಮೀ. ಆ 9 ಪ್ಯಾಸ್ಕಲ್ ಒತ್ತಿದರೂ ಆ ಸಂದಿಯಲ್ಲಿ ನುಸುಳುವುದು 55 ಸಿಎಫ್‌ಎಂ ಹತ್ತಿರ. ಕೋಣೆಗೆ ಬರುತ್ತಿರುವುದು ಇನ್ನೂರಕ್ಕೂ ಮೇಲೆ. ಉಳಿದದ್ದು ಕಿಟಕಿಯ ಸಂದು, ಸೀಲಿಂಗಿನ ಬಿರುಕು ಹುಡುಕಿಕೊಂಡು ಮನೆಯಿಂದಲೇ ಆಚೆ ಹೋಗುತ್ತದೆ. ಬ್ಲೋವರ್ ಮಾತ್ರ ಪಡಸಾಲೆಯಿಂದ ಹೀರುತ್ತಲೇ ಇರುತ್ತದೆ.

ಕೋಣೆಯೊಳಗೆ ಗಾಳಿ ತಳ್ಳುವ ಜಾಲರಿಗೆ ಎಲ್ಲರೂ ದುಡ್ಡು ಖರ್ಚು ಮಾಡುತ್ತಾರೆ. ಹೊರಬರುವ ದಾರಿಯನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಅದು ತಂಪನ್ನೂ ಕೊಡುವುದಿಲ್ಲ, ಬಿಸಿಯನ್ನೂ ಕೊಡುವುದಿಲ್ಲ. ಆದರೆ ಹೊರಗೆ ಬರಲಾರದ ಗಾಳಿ ಒಳಗೂ ಹೋಗುವುದಿಲ್ಲ.

ಎಷ್ಟು ಜಾಗ ಬೇಕು? ಕೋಣೆಗೂ ಪಡಸಾಲೆಗೂ 3 ಪ್ಯಾಸ್ಕಲಿಗಿಂತ ಹೆಚ್ಚು ವ್ಯತ್ಯಾಸ ಬೇಡ ಎಂದಿಟ್ಟುಕೊಂಡು 250 ಸಿಎಫ್‌ಎಂಗೆ ಲೆಕ್ಕ ಹಾಕಿದರೆ 820 ಚದರ ಸೆಂ.ಮೀ. ತೆರೆದ ಜಾಗ ಬರುತ್ತದೆ. ಬಾಗಿಲ ತಳವನ್ನು ಕೊಯ್ದು ಅಷ್ಟು ಜಾಗ ಮಾಡಹೊರಟರೆ ಒಂಬತ್ತು ಸೆಂಟಿಮೀಟರ್ ಕೊಯ್ಯಬೇಕು. ಅತಿಥಿಗಳ ಚಪ್ಪಲಿ ಕಾಣುತ್ತದೆ. ಆಗ ತಲೆಯೆತ್ತಿ ಗವಾಕ್ಷಿಗಳನ್ನು ನೋಡಿದೆ. ಪ್ಲೈವುಡ್ ಕಿತ್ತರೆ 60 ಗುಣಿಸು 20 ಸೆಂ.ಮೀ.ನ ತೆರಪು, ಓರೆ ಮರದ ಪಟ್ಟಿಗಳನ್ನು ಕಳೆದರೆ ಸುಮಾರು 840. ಮನೆ ಕಟ್ಟಿಸಿದ ಅಜ್ಜನಿಗೆ ಪ್ಯಾಸ್ಕಲ್ ಗೊತ್ತಿರಲಿಲ್ಲ, ಆದರೆ ಬಾಗಿಲು ಹಾಕಿದ ಕೋಣೆಗೆ ಉಸಿರು ಬೇಕೆಂಬುದು ಗೊತ್ತಿತ್ತು.

ಪ್ಲೈವುಡ್ ಕಿತ್ತು ಅಳೆದಾಗ ಕೋಣೆಗಳು ಪಡಸಾಲೆಗಿಂತ 2ರಿಂದ 3 ಪ್ಯಾಸ್ಕಲ್ ಮೇಲೆ, ಪಡಸಾಲೆ ಹೊರಗಿನ ಗಾಳಿಗಿಂತ 1 ಕೆಳಗೆ. ಒಂದು ಪ್ಯಾಸ್ಕಲನ್ನು ಈ ಹಲಗೆಯ ಮೇಲೆ ನಂಬಿ ಓದುವುದೇ ಕಷ್ಟ. ಮಾವನಿಗೆ ಖುಷಿಯಾದರೂ ಒಂದು ತಕರಾರು ಉಳಿಯಿತು: ಗವಾಕ್ಷಿ ತೆರೆದರೆ ಒಳಗಿನ ಮಾತು ಹೊರಗೆ ಕೇಳುತ್ತದೆ. ಅತಿಥಿಗಳ ಕೋಣೆಯಲ್ಲಿ ಅದು ಸಣ್ಣ ವಿಷಯವಲ್ಲ. ಒಳಬದಿಗೆ ತಲೆಕೆಳಗು ಪೆಟ್ಟಿಗೆಯೊಂದನ್ನು ಹೊಡೆದು ಅದರ ಒಳಮೈಗೆ ದಪ್ಪ ಫೆಲ್ಟ್ ಅಂಟಿಸಿದೆ. ಗಾಳಿ ಒಮ್ಮೆ ಕೆಳಗಿಂದ ಮೇಲೆ ತಿರುಗಿ ಹೋಗುತ್ತದೆ, ಸದ್ದಿನ ಬಹುಪಾಲು ಫೆಲ್ಟಿನಲ್ಲೇ ಉಳಿಯುತ್ತದೆ. ಪೂರ್ತಿ ನಿಂತಿತು ಎನ್ನಲಾರೆ.

ಹೊಗೆಯ ಲೆಕ್ಕ

ಹೊಗೆಕೊಳವೆ ಹೊಗೆಯನ್ನು ಮೇಲೆಳೆಯುವುದು ಒಳಗಿನ ಬಿಸಿಗಾಳಿ ಹೊರಗಿನದಕ್ಕಿಂತ ಹಗುರ ಎಂಬ ಒಂದೇ ಬಲದಿಂದ. ಆ ಬಚ್ಚಲಿನ ಕೊಳವೆ ಸುಮಾರು 4 ಮೀಟರ್ ಎತ್ತರ. ಹೊರಗೆ 15 ಡಿಗ್ರಿ, ಕೊಳವೆಯಲ್ಲಿ 100 ಡಿಗ್ರಿ ಇದ್ದರೆ ಎಳೆತ 10 ಪ್ಯಾಸ್ಕಲ್ ಹತ್ತಿರ ಬರುತ್ತದೆ. ಆದರೆ ಬೆಳಿಗ್ಗೆ ಒಲೆ ಹಚ್ಚಿದ ಹೊಸತರಲ್ಲಿ ಕೊಳವೆ ತಣ್ಣಗಿರುತ್ತದೆ; ಒಳಗೆ 30 ಡಿಗ್ರಿ ಎಂದುಕೊಂಡರೆ ಎಳೆತ ಬರೀ 2 ಪ್ಯಾಸ್ಕಲ್. ಅದರ ಎದುರು ಪಡಸಾಲೆ 5 ಪ್ಯಾಸ್ಕಲ್ ಬಲದಿಂದ ತನ್ನ ಕಡೆಗೆ ಹೀರುತ್ತಿತ್ತು. ಗೆಲ್ಲುವುದು ಯಾರು ಎಂಬುದರಲ್ಲಿ ಗುಟ್ಟೇನಿದೆ? ಒಲೆ ಕಾದ ಮೇಲೆ ಹೊಗೆ ತಾನಾಗಿ ಸರಿಹೋಗುತ್ತದೆ ಎಂದು ಅತ್ತೆ ಹೇಳುತ್ತಿದ್ದುದೂ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

5 ಪ್ಯಾಸ್ಕಲ್ ಎಷ್ಟು ಚಿಕ್ಕದೆಂದರೆ, ನೆಲದಿಂದ ಅರ್ಧ ಮೀಟರ್ ಮೇಲೆ ಹೋದರೆ ವಾತಾವರಣದ ಒತ್ತಡ ಅಷ್ಟು ಇಳಿಯುತ್ತದೆ. 1648ರಲ್ಲಿ ಬ್ಲೇಸ್ ಪ್ಯಾಸ್ಕಲ್ ತನ್ನ ಅಕ್ಕನ ಗಂಡ ಪೆರಿಯೆಯಿಂದ ಪುಯ್ ದ ಡೋಮ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊರಿಸಿ, ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ ಎಂದು ತೋರಿಸಿದ. ಅದೇ ಕೊಳವೆಯನ್ನು ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿಯ ತುದಿಗೆ ಒಯ್ದರೆ ಎಂಟು ಸಾವಿರ ಪ್ಯಾಸ್ಕಲಿಗೂ ಹೆಚ್ಚು ಇಳಿತ ಕಾಣುತ್ತದೆ. ಅದರಲ್ಲಿ ಸಾವಿರದ ಒಂದು ಪಾಲೂ ಇಲ್ಲದ ವ್ಯತ್ಯಾಸ ಮನೆಯೊಳಗೆ ಹೊಗೆಯ ದಿಕ್ಕನ್ನೇ ತಿರುಗಿಸುತ್ತದೆ.

ಹೊಗೆ ಕಾಣಿಸಿಕೊಂಡು ಬಂದದ್ದು ಒಂದು ರೀತಿಯಲ್ಲಿ ಅದೃಷ್ಟ. ಕೆಂಡವಾದ ಮೇಲೆ ಒಲೆ ಹೊಗೆಯಾಡುವುದಿಲ್ಲ, ಆದರೆ ಇಂಗಾಲದ ಮಾನಾಕ್ಸೈಡ್ ಹೊರಬರುತ್ತಲೇ ಇರುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಾತ್ರಿ ಹಂಡೆಯ ಕೆಳಗೆ ಕೆಂಡ ಉಳಿಸಿ, ಬಾಗಿಲು ಹಾಕಿ, ಬ್ಲೋವರ್ ಓಡಿಸಿ ಮಲಗುವ ಮನೆಯಲ್ಲಿ ಇದು ಆಟವಲ್ಲ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ಮಾತು. ಓಣಿಯಲ್ಲಿ ಮಾನಾಕ್ಸೈಡ್ ಎಚ್ಚರಿಕೆಯ ಸಾಧನವೊಂದನ್ನು ಹಾಕಿಸಿದೆ, ಬಚ್ಚಲಿನ ಹೊರಗೋಡೆಗೆ ಮುಚ್ಚಲಾಗದ ಜಾಲರಿಯೊಂದನ್ನೂ ಇಡಿಸಿದೆ.

ಕೊನೆಯ ಹೊಂದಾಣಿಕೆ

ಉಳಿದದ್ದು ಡ್ಯಾಂಪರುಗಳ, ಅಂದರೆ ಕವಲಿನೊಳಗೆ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ತಗಡಿನ ಕದಗಳ ಕೆಲಸ. ಪಡಸಾಲೆಯ ಕವಲನ್ನು ಸ್ವಲ್ಪ ತಗ್ಗಿಸಿ ಕೋಣೆಗಳಿಗೆ ಬಿಟ್ಟೆ. ಕೊನೆಗೆ ಪಡಸಾಲೆ 430, ಕೋಣೆಗಳು 245, 240, 215. ಒಟ್ಟು 1,130 ಸಿಎಫ್‌ಎಂ. ಮೊದಲು ಇದ್ದದ್ದು 840. ಹೀರುವ ಕಡೆ 24, ಒತ್ತುವ ಕಡೆ 33, ಒಟ್ಟು ಹೊರೆ 57 ಪ್ಯಾಸ್ಕಲ್. ಫಲಕದ 50ಕ್ಕೆ ಇನ್ನೂ ಮುಟ್ಟಿಲ್ಲ, ಮುಟ್ಟಿಸಬೇಕೆಂದರೆ ಮುಖ್ಯ ಡಕ್ಟನ್ನೇ ದೊಡ್ಡದು ಮಾಡಬೇಕು; ಮಾವನೂ ನಾನೂ ಅಲ್ಲಿಗೆ ಕೈಬಿಟ್ಟೆವು.

ಬಯಲುಸೀಮೆಯಿಂದ ಅಥವಾ ಕರಾವಳಿಯಿಂದ ಬರುವ ತಂತ್ರಜ್ಞರು ಇಲ್ಲಿ ಇನ್ನೊಂದು ಅಂಶ ಗಮನಿಸಬೇಕು. ಚಿಕ್ಕಮಗಳೂರು ಒಂದು ಸಾವಿರ ಮೀಟರ್ ಎತ್ತರದ ಊರು; ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಹತ್ತನೆಯ ಒಂದು ಪಾಲು ತೆಳು. ಅದೇ ವೇಗದಲ್ಲಿ ತಿರುಗುವ ಬ್ಲೋವರ್ ಅಷ್ಟೇ ಘನ ಅಡಿ ಗಾಳಿ ಸಾಗಿಸಿದರೂ ಅದರ ತೂಕ ಕಡಿಮೆ, ಅದು ಹೊರುವ ಶಾಖವೂ ಅಷ್ಟೇ ಕಡಿಮೆ. ಟನ್ನಿಗೆ 400 ಎಂಬ ಅಂದಾಜು ಇಲ್ಲಿ 440ರ ಹತ್ತಿರ ಆಗಬೇಕು. ಸಮುದ್ರ ಮಟ್ಟದಲ್ಲಿ ಹೇಗೋ ನಡೆದುಹೋಗುವ ಕಿರಿದಾದ ಡಕ್ಟು ಮಲೆನಾಡಿನಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಗಾಳಿ ಸರಿಯಾದ ಮೇಲೆ ಮಾತ್ರ ಗ್ಯಾಸಿನ ಕಡೆ ನೋಡಿದ್ದು. ಅದಕ್ಕೆ ತರಬೇತಿ ಪಡೆದ ತಂತ್ರಜ್ಞರೊಬ್ಬರನ್ನು ಕರೆಸಿ, ಇದ್ದದ್ದನ್ನೆಲ್ಲ ಸಿಲಿಂಡರಿಗೆ ಹಿಂತೆಗೆಸಿ, ಫಲಕದಲ್ಲಿ ಬರೆದಷ್ಟನ್ನೇ ತೂಕ ಮಾಡಿ ತುಂಬಿಸಿದೆವು. ತೆಗೆದದ್ದು ತುಂಬಿದ್ದಕ್ಕಿಂತ ಹೆಚ್ಚಿತ್ತು. ಹೈ ಪ್ರೆಶರ್ ದೋಷ ಮತ್ತೆ ಕಾಣಿಸಿಕೊಂಡಿಲ್ಲ.

ಕೊರೆದ ರಂಧ್ರಗಳಿಗೆ ರಬ್ಬರ್ ಬಿರಡೆ ಹಾಕಿ, ಪಕ್ಕದಲ್ಲೇ ಮಾರ್ಕರಿನಿಂದ ಅಂದಿನ ಅಳತೆ ಬರೆದಿದ್ದೇನೆ. ಹೀರುವ ಕಡೆ 35 ದಾಟಿದರೆ ಫಿಲ್ಟರ್ ತೊಳೆಯಬೇಕು. ತಿಂಗಳ ಲೆಕ್ಕ ಬೇಡ, ಕಣದ ಧೂಳು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಹಲಗೆ, ಪೈಪು, ಬಾಟಲಿ ಮಾವನ ಬಳಿಯೇ ಇವೆ. ಬಾಕಿ ಇರುವುದು ಮಳೆಗಾಲದ ಪರೀಕ್ಷೆ: ಜೂನಿನಿಂದ ಅಟ್ಟದ ಗಾಳಿ ತೇವದಿಂದ ತುಂಬಿರುವಾಗ ತಣ್ಣನೆಯ ಡಕ್ಟಿನ ಮೇಲೆ ನೀರು ಬೆವರುತ್ತದೆ, ಹೊದಿಕೆಯ ಹೊರಪದರ ಹರಿದಲ್ಲೆಲ್ಲ ಉಣ್ಣೆ ನೆನೆಯುತ್ತದೆ. ಹಳೆಯ ಎರಡು ಕವಲುಗಳಲ್ಲಿ ಅಂಥ ಹರಿದ ಜಾಗಗಳಿವೆ. ಫಾಯಿಲ್ ಟೇಪು ತಂದಿಟ್ಟಾಗಿದೆ. ಕೊಯ್ಲು ಮುಗಿದು ಮಾವನ ಆಳುಗಳಿಗೆ ಬಿಡುವಾದಾಗ ಆ ಕೆಲಸ.